ಅರ್ಧ ಕಟ್ಟಿದ ಕಡ್ಡಿ

ಫೋನ್ ಬಡಿದುಕೊಂಡಾಗ ಶಾಂತಲಾಳ ಎರಡೂ ಕೈ ಹೊಗೆಸೊಪ್ಪಿನ ಅಂಟಿನಿಂದ ಕಪ್ಪಗಾಗಿದ್ದವು. ಪರದೆಯ ಮೇಲೆ ಬೆರಳು ಎಳೆದಳು. ಫೋನು ಅವಳ ಬೆರಳನ್ನು ಬೆರಳೆಂದೇ ಒಪ್ಪಲಿಲ್ಲ. ಮೊಣಕೈ ಆಡಿಸಿದಳು, ಅದೂ ಆಗಲಿಲ್ಲ. ನಂಬರ್ ನೋಡಿದರೆ ದೆಹಲಿ ಕಡೆಯದು.

"ವಸಂತ, ತೆಗೆಯೋ! ಕಟ್ಟಾಗೋಯ್ತದೆ!"

ಎದುರು ಕೂತು ಎಲೆ ನೀಡುತ್ತಿದ್ದ ವಸಂತನ ಕೈಯೇನು ಅವಳದಕ್ಕಿಂತ ಚೆನ್ನಾಗಿರಲಿಲ್ಲ. ಅವನು ಒಮ್ಮೆ ಫೋನನ್ನು, ಒಮ್ಮೆ ಅವಳನ್ನು ನೋಡಿದ. ಆಮೇಲೆ ಬಗ್ಗಿ ಮೂಗಿನ ತುದಿಯಿಂದ ಪರದೆಯನ್ನು ಎಳೆದ. ಸ್ಪೀಕರನ್ನೂ ಮೂಗಿನಲ್ಲೇ ಒತ್ತಿದ.

"ನಮಸ್ತೇ ಮೇಡಂ," ಎಂದಿತು ಒಂದು ಮಧುರ ಕಂಠ. "ತಮಗೆ ನಮ್ಮ ಕಡೆಯಿಂದ ಲೈಫ್ ಟೈಮ್ ಫ್ರೀ ಕ್ರೆಡಿಟ್ ಕಾರ್ಡ್..."

ಹುಣಸೆಮರದ ನೆರಳಿನಲ್ಲಿ ಸೊಪ್ಪು ಕಟ್ಟುತ್ತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಶಾಂತಲಾ ನಗಲಿಲ್ಲ. ಅವಳಿಗೆ ಅಳುವೂ ಬರಲಿಲ್ಲ. ಬಂದದ್ದು ಬರೀ ಸುಸ್ತು. ಹೀಗೆ ಎದೆ ಹಾರಿ ಮತ್ತೆ ಕೆಳಗಿಳಿಯುವುದು ಎಷ್ಟನೇ ಸಲವೋ ಅವಳೇ ಮರೆತಿದ್ದಳು.

"ಮೂಗಿಗೆ ಅಂಟು ಮೆತ್ತಿದೆ," ಎಂದಳು.

"ಇರ್ಲಿ ಬುಡು. ಕ್ಯಾಪ್ಟನ್ ಸೇವೆ ಮಾಡಿದ ಗುರುತು," ಎಂದು ವಸಂತ ಮುಂದಿನ ಎಲೆ ನೀಡಿದ.

ಪಿರಿಯಾಪಟ್ಟಣದ ರಸ್ತೆಯಿಂದ ಸ್ವಲ್ಪ ಒಳಗಿರುವ ಆ ಊರಿನಲ್ಲಿ ಅವಳನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಮಿಕ್ಕವರಿಗೆ ಅವಳು ಕಾಂತರಾಜುವಿನ ಮಗಳು, ವಿಮಾನ ಓದಿಕೊಂಡು ಮನೆಯಲ್ಲಿ ಕೂತಿರುವವಳು. ಗದ್ದೆಯ ಒಂದು ಭಾಗ ಹೆದ್ದಾರಿಗೆ ಹೋದಾಗ ಬಂದ ಪರಿಹಾರದ ದುಡ್ಡನ್ನು ಅಪ್ಪ ಅವಳ ಫ್ಲೈಯಿಂಗ್ ಸ್ಕೂಲಿಗೆ ಹಾಕಿದ್ದ. ಅವಳು ಹಾರಿದಳು, ಲೈಸೆನ್ಸ್ ತಗೊಂಡಳು, ಅರ್ಜಿ ಹಾಕಿದಳು. ಆಮೇಲೆ ಕಾದಳು. ಕಾಯುವುದನ್ನು ಮಾತ್ರ ಯಾವ ಸ್ಕೂಲಿನಲ್ಲೂ ಹೇಳಿಕೊಟ್ಟಿರಲಿಲ್ಲ. ವರ್ಷ ತುಂಬಿದಾಗ ಮೆಡಿಕಲ್ ರಿನ್ಯೂ ಮಾಡಿಸುವುದು, ಪ್ರತಿ ಬೆಳಗ್ಗೆ ಮೇಲ್ ನೋಡುವುದು, ಮಧ್ಯಾಹ್ನ ಸೊಪ್ಪು ಕಟ್ಟುವುದು. ಎರಡನೆಯ ಮಳೆಗಾಲವೂ ಹಾಗೇ ಕಳೆಯುತ್ತಿತ್ತು.

ಅದಕ್ಕಿಂತ ಹೆಚ್ಚು ಸುಸ್ತು ಮಾಡುತ್ತಿದ್ದದ್ದು ಊರಿನವರ ಒಂದೇ ಪ್ರಶ್ನೆ. ಡೇರಿಗೆ ಹಾಲು ಹಾಕಲು ಹೋದರೆ "ಬಂತಾ?" ಹುಣಸೂರಿನ ಬಸ್ಸಿನಲ್ಲಿ ಸೀಟು ಸಿಗುವ ಮೊದಲೇ "ಬಂತಾ?" ಪಕ್ಕದ ಮನೆಯ ಕುಳ್ಳಜ್ಜಿಗೆ ವಿಮಾನ ಯಾವುದು, ಹೆಲಿಕಾಪ್ಟರ್ ಯಾವುದು ಗೊತ್ತಿಲ್ಲ. ಆದರೂ ದಿನಾ ಕೇಳುತ್ತಿದ್ದಳು, "ಬಂತೇನವ್ವ ನಿಂದು?"

ಕೇಳದವನು ವಸಂತ ಒಬ್ಬನೇ. ಮೊದಮೊದಲು ಅದು ಅವಳಿಗೆ ಹಿತವಾಗಿತ್ತು. ಬರಬರುತ್ತಾ ಚುಚ್ಚತೊಡಗಿತು. ಬಾಯಿ ತುಂಬ ಕ್ಯಾಪ್ಟನ್ ಅನ್ನುತ್ತಾನೆ, ಕಾದಿರುವುದು ಬಂತಾ ಎಂದು ಒಂದು ಸಲ ಕೇಳುವುದಿಲ್ಲ. ಬರದಿದ್ದರೇ ಒಳ್ಳೆಯದು ಎಂದುಕೊಂಡಿರಬೇಕು. ಹಾಗೆ ಅನ್ನಿಸಿದ ದಿನ ಅವಳಿಗೆ ಅವನ ಮೇಲೆ ಕೋಪ ಬರುತ್ತಿತ್ತು. ಕೋಪ ಬಂದ ದಿನವೇ ಅವನ ಕೊರಳಿನ ಮಚ್ಚೆ, ಎಲೆ ನೀಡುವಾಗ ಬೇಕೆಂದೇ ತಡಮಾಡುವ ಆ ಬೆರಳು ಹೆಚ್ಚು ಕಣ್ಣಿಗೆ ಬೀಳುತ್ತಿದ್ದವು. ಅದು ಇನ್ನೊಂದು ತಾಪತ್ರಯ.

ಅವರಿಬ್ಬರನ್ನು ಎದುರು ಬದುರು ಕೂರಿಸಿದ್ದು ಮುಯ್ಯಾಳು. ಸೊಪ್ಪಿನ ಕಾಲದಲ್ಲಿ ಆಳು ಸಿಗುವುದಿಲ್ಲ. ಇವತ್ತು ನೀನು ನಮ್ಮ ಹೊಲಕ್ಕೆ ಬಾ, ನಾಳೆ ನಾನು ನಿಮ್ಮ ಹೊಲಕ್ಕೆ ಬರುತ್ತೇನೆ, ಅಷ್ಟೇ ಲೆಕ್ಕ. ಕೂಲಿಯಿಲ್ಲ. ಮುಯ್ಯಿಗೆ ಬಂದವರ ಮನೆಗೆ ಮುಯ್ಯಿ ಪಡೆದವರೇ ಹೋಗಬೇಕು. ತಮ್ಮ ಬದಲು ಕೂಲಿಯವನನ್ನು ಕಳಿಸಿದರೆ 'ನಿಮ್ಮ ಸಹವಾಸ ಇಲ್ಲಿಗೆ ಸಾಕು' ಎಂದೇ ಅರ್ಥ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಯಾರಿಗೂ ಹೇಳಿಕೊಡಬೇಕಾಗಿಯೂ ಇಲ್ಲ.

ಬಿದಿರು ಕಡ್ಡಿಗೆ ಸೊಪ್ಪು ಕಟ್ಟಲು ಇಬ್ಬರು ಬೇಕು. ಒಬ್ಬರು ಎಲೆ ಜೋಡಿಸಿ ನೀಡಬೇಕು, ಇನ್ನೊಬ್ಬರು ದಾರ ಸುತ್ತಿ ಕಟ್ಟಬೇಕು. ತುಂಬಿದ ಕಡ್ಡಿ, ಸೊಪ್ಪು ಒಣಗಿಸುವ ಮನೆಯಾದ ಬ್ಯಾರನ್ನಿಗೆ ಏರಿ ಕಾವಿನಲ್ಲಿ ಬೇಯುತ್ತದೆ. ವಸಂತ ಕಾಂತರಾಜುವಿನ ಹೊಲಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸಲ ಬಂದಿದ್ದ. "ನಿಮ್ಮಲ್ಲಿಗೆ ಯಾವಾಗ ಬರ್ಲಿ?" ಎಂದು ಅವಳು ಕೇಳಿದಾಗಲೆಲ್ಲ "ಇರ್ಲಿ ಬುಡು, ಬಾಕಿ ಇರ್ಲಿ" ಎನ್ನುತ್ತಿದ್ದ.

ಮೇಲ್ ಬಂದದ್ದು ಆ ಕ್ರೆಡಿಟ್ ಕಾರ್ಡಿನ ಮರುದಿನ. ಮಂಗಳವಾರ. ಅವಳು ಹಿತ್ತಲಲ್ಲಿ ನಿಂತು ಓದಿದಳು, ಇನ್ನೊಂದು ಸಲ ಓದಿದಳು. ಗುರುವಾರ ಬೆಳಗ್ಗೆ ಮೈಸೂರಿನ ಮೇಲೆ ಹೊರಟು, ಬೆಂಗಳೂರಿನಲ್ಲಿ ವಿಮಾನ ಹತ್ತಿ, ಶುಕ್ರವಾರ ದೆಹಲಿಯಲ್ಲಿ ಇಂಟರ್ವ್ಯೂ. ಖುಷಿಯಿಂದ ಕುಣಿಯಬೇಕಿತ್ತು. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಬಹಳ ದೂರ ನಡೆದು ಬಂದವರಿಗೆ ಜಗಲಿ ಕಂಡಾಗ ಹಾಗಾಗುತ್ತದೆ.

ಸಂಜೆ ವಸಂತ ಬಂದ. ಜೇಬಿನಿಂದ ಒಂದೊಂದಾಗಿ ನಿಂಬೆಹಣ್ಣು ತೆಗೆದು ಜಗಲಿಯ ಮೇಲಿಟ್ಟ.

"ಇಂಟರ್ವ್ಯೂ ಅಂತೆ, ಅತ್ತೆ ಹೇಳಿದ್ರು," ಎಂದ. ಅವಳ ಅವ್ವ ಪ್ರಮೀಳಾಳನ್ನು ಅವನು ಚಿಕ್ಕಂದಿನಿಂದಲೂ ಅತ್ತೆ ಎಂದೇ ಕರೆಯುತ್ತಿದ್ದ. "ಕೈಗೆ ಉಜ್ಕೋ. ಅಂಟು ಬಿಡ್ತದೆ. ದೊಡ್ಡೋರು ಕೈ ಕುಲುಕ್ತಾರೆ ಅಲ್ವಾ?"

"ಇಷ್ಟು ದಿನ ಒಂದ್ಸಲ ಬಂತಾ ಅಂತ ಕೇಳ್ಲಿಲ್ಲ. ಈಗ ನಿಂಬೆಹಣ್ಣು ತಂದಿದ್ದೀಯಾ?"

ವಸಂತ ಒಂದು ಹಣ್ಣನ್ನು ಕುಡುಗೋಲಿನಿಂದ ಕೊಯ್ದ. ಅವಳ ಬಲಗೈ ಹಿಡಿದು ಹೆಬ್ಬೆರಳಿನ ಬುಡದಿಂದ ಉಜ್ಜತೊಡಗಿದ. ಅವಳು ಕೈ ಎಳೆದುಕೊಳ್ಳಬೇಕೆಂದುಕೊಂಡಳು. ಕೈ ಮಾತು ಕೇಳಲಿಲ್ಲ. ಉಗುರಿನ ಸಂದು, ಗೆರೆಯ ಸಂದು, ಯಾವುದನ್ನೂ ಬಿಡದೆ ಅವನು ತಲೆ ತಗ್ಗಿಸಿಕೊಂಡು ಉಜ್ಜಿದ. ಒಮ್ಮೆ ಕಣ್ಣೆತ್ತಿದ. ಅವಳು ನೋಡುತ್ತಿದ್ದುದನ್ನು ಕಂಡು ಮತ್ತೆ ತಗ್ಗಿಸಿದ.

"ಉರೀತಾ?"

"ಇಲ್ಲ," ಎಂದಳು. ಉರಿಯುತ್ತಿತ್ತು.

"ನಾಳೆ ನಮ್ಮಲ್ಲಿ ಸೊಪ್ಪು ಮುರೀತೀವಿ," ಎಂದ ಅವನು, ಅವಳ ಕೈಯನ್ನೇ ನೋಡುತ್ತಾ. "ಬತ್ತೀಯಾ?"

ಅವನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ಶಾಂತಲಾಳ ಕೋಪ ಎಲ್ಲಿಗೆ ಹೋಯಿತೋ.

"ಬತ್ತೀನಿ. ಗ್ಲೌಸ್ ಹಾಕ್ಕೊಂಡಾದ್ರೂ ಬತ್ತೀನಿ."

ಆದರೆ ಬುಧವಾರ ಬೆಳಗ್ಗೆ ಇನ್ನೊಂದು ಮೇಲ್. ಎಲ್ಲ ದಾಖಲೆಗಳ ಪ್ರಿಂಟ್ ಬೇಕು, ನೋಟರಿ ಸಹಿ ಬೇಕು, ಇಂಥದೇ ಅಳತೆಯ ಫೋಟೋ ಬೇಕು. ಅವಳು ಎದ್ದು ಬಿದ್ದು ಹುಣಸೂರಿನ ಬಸ್ಸು ಹಿಡಿದಳು. ಹೊಸ್ತಿಲು ದಾಟುವಾಗ ಅವ್ವನಿಗೆ ಹೇಳಿದಳು: "ವಸಂತಂಗೆ ಹೇಳವ್ವ, ಇಂಗಾಯ್ತು ಅಂತ. ನಾನೇ ಬಂದು ಮಾತಾಡ್ತೀನಿ." ಬಸ್ಸಿನಿಂದ ಎರಡು ಸಲ ಅವನಿಗೆ ಫೋನ್ ಮಾಡಿದಳು. ಅವನ ಹೊಲದಲ್ಲಿ ಸಿಗ್ನಲ್ ಇರಲಿಲ್ಲ.

ಫೋಟೋ ಅಂಗಡಿಯಲ್ಲಿ ಕರೆಂಟಿರಲಿಲ್ಲ. ನೋಟರಿ ಊಟಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಎಲ್ಲ ಮುಗಿಸಿ ಹಿಂದಿರುಗುವಾಗ ದೀಪ ಹಚ್ಚುವ ಹೊತ್ತು. ಬಸ್ಸಿಳಿದ ಕೂಡಲೇ ಫೋನು ಗುಂಯ್ ಎಂದಿತು. ವಸಂತನ ಮೆಸೇಜು.

'ಮುಯ್ಯಿ ತೀರ್ತು. ಆಲ್ ದ ಬೆಸ್ಟ್.'

ಕ್ಯಾಪ್ಟನ್ ಎಂದಿರಲಿಲ್ಲ. ನಗುವ ಮುಖವೂ ಇರಲಿಲ್ಲ.

"ಅವ್ವ, ವಸಂತಂಗೆ ಏನ್ ಹೇಳ್ದೆ?"

ಪ್ರಮೀಳಾ ಚಪಾತಿ ಕಟ್ಟುತ್ತಿದ್ದಳು. ದೆಹಲಿಯಲ್ಲಿ ಏನು ಸಿಗುತ್ತದೋ ಏನೋ ಎಂಬ ಚಿಂತೆ ಅವಳದು. "ಹೇಳೋದೇನು? ನಿಂಗಯ್ಯನ್ನ ಕಳಿಸ್ದೆ. ಕೂಲಿ ನಾನೇ ಕೊಟ್ಟೆ. ದೂರ ಒಂಟೋಳು ಬಾಕಿ ಉಳಿಸ್ಕೊಂಡು ಓಗ್ಬಾರ್ದು ಕಣವ್ವ, ಮನಸು ಇಂದಕ್ಕೆ ಎಳೀತದೆ."

"ಕೂಲಿಯಾಳನ್ನ ಕಳಿಸ್ದ್ಯಾ? ವಸಂತನ ಮನೆಗಾ?"

ಅವ್ವನ ಕೈ ನಿಂತಿತು. ಬೆಳಗಿನ ಗಡಿಬಿಡಿಯಲ್ಲಿ ಏನು ಮಾಡಿಬಿಟ್ಟೆ ಎಂಬುದು ಅವಳಿಗೆ ಆಗ ಹೊಳೆಯಿತು. "ಅಯ್ಯೋ ಶಿವನೇ," ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ನಿನ್ನ ಇಂಟ್ರೂ ಗುಂಗಲ್ಲಿ ನಂಗೆ ಗ್ಯಾನವೇ ಇರ್ನಿಲ್ಲ ಕಣೇ."

ಶಾಂತಲಾ ಅವ್ವನನ್ನು ಬೈಯಲಿಲ್ಲ. ಬೈಯಲು ಶಕ್ತಿ ಇರಲಿಲ್ಲ. ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಇಷ್ಟು ದಿನ ಕಾದದ್ದು ಕೈಗೆ ಬಂದಿದೆ. ಕಾಯುವಾಗ ಎದುರು ಕೂತಿದ್ದವನು ಎದ್ದುಹೋಗಿದ್ದಾನೆ. ಹೀಗೇ ಬಸ್ಸು ಹತ್ತಿದರೆ ಅವನು ಇನ್ನು ಈ ಹೊಲದ ಕಡೆ ಬರುವವನಲ್ಲ. ಅವಳಿಗದು ಚೆನ್ನಾಗಿ ಗೊತ್ತಿತ್ತು, ಅವನ ಹಟ ಶಾಲೆಯ ಕಾಲದ್ದು. ಅವನಿಲ್ಲದೆ ಹಾರಿ ಏನು ಮಾಡಲಿ ಎಂದೂ ಒಂದು ಕ್ಷಣ ಅನ್ನಿಸಿತು. ಹಾರುವುದನ್ನು ಬಿಡುವವಳೂ ಅವಳಲ್ಲ. ಎರಡೂ ಬೇಕಾಗಿತ್ತು, ಅಷ್ಟೇ.

ಬೆಳಗ್ಗೆ ಅವಳು ಇಂಟರ್ವ್ಯೂಗೆಂದು ಇಸ್ತ್ರಿ ಮಾಡಿಸಿದ್ದ ಬಿಳಿ ಶರ್ಟನ್ನು ಬ್ಯಾಗಿಗೆ ಹಾಕಿ, ಬ್ಯಾಗು ಹೆಗಲಿಗೇರಿಸಿ, ಹಳೆಯ ಚೂಡಿದಾರದಲ್ಲೇ ವಸಂತನ ಹೊಲಕ್ಕೆ ನಡೆದಳು. ಮೊದಲ ಬಸ್ಸಿಗೆ ಇನ್ನೂ ಹೊತ್ತಿತ್ತು.

ಬ್ಯಾರನ್ನಿನ ಮುಂದೆ ಗೋಣಿಚೀಲ ಮುಚ್ಚಿದ ಸೊಪ್ಪಿನ ರಾಶಿ ಹಾಗೇ ಉಳಿದಿತ್ತು. ನಿಂಗಯ್ಯ ಎಷ್ಟಾದರೂ ಕೂಲಿಗೆ ಬಂದವನು, ಬಿಸಿಲು ಇಳಿಯುವ ಮೊದಲೇ ಟವೆಲ್ ಕೊಡವಿ ಹೋಗಿದ್ದ. ವಸಂತ ಒಬ್ಬನೇ ಕೂತು, ಎಲೆಯನ್ನು ತಾನೇ ಜೋಡಿಸಿ, ತಾನೇ ಕಟ್ಟಲು ಹೆಣಗುತ್ತಿದ್ದ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಅವಳನ್ನು ನೋಡಿಯೂ ಮತ್ತೆ ಎಲೆಗೇ ಕೈ ಹಾಕಿದ.

ಅವಳು ಅವನೆದುರು ಕೂತು ದಾರವನ್ನು ಕೈಯಿಂದ ಕಿತ್ತುಕೊಂಡಳು.

"ಎಲೆ ನೀಡು."

"ಕೈ ಹಾಳಾಯ್ತದೆ."

"ನನ್ ಕೈ. ನೀಡು."

"ಮುಯ್ಯಿ ತೀರಿದೆ ಶಾಂತಲಾ. ಆಳು ಬಂದಿದ್ನಲ್ಲ."

"ಅದು ಅವ್ವನ ಕೆಲಸ, ನಂದಲ್ಲ. ನಾನು ಹುಣಸೂರಲ್ಲಿ ನೋಟರಿ ಬಾಗಿಲಲ್ಲಿ ನಿಂತಿದ್ದೆ. ನೀನಾದ್ರೂ ಅಷ್ಟು ಸಲೀಸಾಗಿ ನಂಬಿಬಿಟ್ಟೆಯಲ್ಲ? ನಿಂಬೆಹಣ್ಣು ಉಜ್ಜಿದ ಮಾರನೇ ದಿನ ನಾನು ಕೂಲಿ ಆಳು ಕಳಿಸ್ತೀನಾ?"

ವಸಂತ ತಲೆ ತಗ್ಗಿಸಿದ. ಕಣ್ಣು ಕೆಂಪಗಿತ್ತು. ಬ್ಯಾರನ್ನಿನ ಹೊಗೆಯಿಂದ ಎಂದು ಹೇಳಿಕೊಳ್ಳಲು ಅವನಿಗೆ ಅವಕಾಶವಿತ್ತು. ಅವನು ಹೇಳಿಕೊಳ್ಳಲಿಲ್ಲ.

"ನಂಬಿದೆ ಕಣೇ," ಎಂದ. "ಎಂದಾದ್ರೂ ಹಿಂಗೇ ಆಯ್ತದೆ ಅಂತ ಮೊದಲಿಂದ ಅನ್ಕೊಂಡಿದ್ದೆ. ಅದ್ಕೇ ಬೇಗ ನಂಬಿದೆ."

ಎಲೆ ನೀಡಿದ. ಅವಳು ಸುತ್ತಿ ಬಿಗಿದಳು. ಮುಂಜಾನೆಯ ಇಬ್ಬನಿಗೆ ನೆನೆದಿದ್ದ ಎಲೆಯ ಅಂಟು ಅವಳ ಬೆರಳಿಗೆ ಮತ್ತೆ ಹತ್ತಿತು. ಇನ್ನೊಂದು ಎಲೆ, ಇನ್ನೊಂದು ಸುತ್ತು.

"ಒಂದು ಹೇಳು," ಎಂದಳು ಅವಳು. "ಊರೆಲ್ಲ ಬಂತಾ ಬಂತಾ ಅಂತ ನನ್ನ ತಲೆ ತಿಂತು. ನೀನ್ಯಾಕೆ ಒಂದು ದಿನಾನೂ ಕೇಳ್ಲಿಲ್ಲ? ಬರಬಾರ್ದು ಅಂತಲಾ?"

"ಥೂ. ಹಂಗಂತೀಯಾ?" ಅವನ ಕೈ ಅಲ್ಲೇ ನಿಂತಿತು. "ಅದನ್ನ ಕೇಳಿದ್ರೆ ಇನ್ನೊಂದೂ ಬಾಯಿಗೆ ಬಂದ್ಬಿಡೋದು. ಅದಕ್ಕೇ ಕೇಳ್ಲಿಲ್ಲ."

"ಯಾವುದು ಇನ್ನೊಂದು?"

ಅವನು ಎಲೆಯ ಬೆನ್ನು ಸವರಿದ, ತೊಟ್ಟು ಸರಿಮಾಡಿದ. 

"ವಾಪಸ್ ಬತ್ತೀಯಾ ಅಂತ."

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಹಿಂದಿನ ಊರಿನಲ್ಲಿ ನಿಂತಿರಬೇಕು. ಶಾಂತಲಾ ಆಗಷ್ಟೇ ಕಟ್ಟಿದ ಗಂಟನ್ನು ಬಿಗಿಮಾಡಿ, ದಾರವನ್ನು ತುಂಡು ಮಾಡದೆ ಕಡ್ಡಿಗೇ ಸುತ್ತಿಟ್ಟಳು. ಕಡ್ಡಿ ಅರ್ಧಕ್ಕೆ ತುಂಬಿತ್ತು. ಉಳಿದರ್ಧ ಬರೀ ಬಿದಿರು.

"ಇನ್ನೊಂದಿಷ್ಟು ಹೊತ್ತು ಕೂತಿದ್ರೆ ಮುಗೀತಿತ್ತು," ಎಂದ ವಸಂತ.

"ಗೊತ್ತು."

"ಅರ್ಧ ಕಡ್ಡೀನ ಬ್ಯಾರನ್ನಿಗೆ ಏರಿಸೋಕಾಗಲ್ಲ ಕಣೇ."

"ಏರಿಸ್ಬೇಡ. ಮೂಲೇಲಿ ಇಟ್ಟಿರು. ಈ ಎಲೆ ಒಣಗಿದ್ರೆ ಒಣಗ್ಲಿ, ಹೊಸ ಎಲೆ ಹಾಕಿ ನಾನೇ ಕಟ್ತೀನಿ. ನಾನು ಬರೋ ತನಕ ಇದಕ್ಕೆ ಬೇರೆ ಯಾರನ್ನೂ ಕೂರಿಸ್ಬೇಡ, ನಿಂಗಯ್ಯನ್ನೂ, ಇನ್ಯಾರನ್ನೂ. ಮುಯ್ಯಿ ಬಾಕಿ ಇಟ್ಕೊಂಡೇ ಹೋಗ್ತಿದ್ದೀನಿ, ತಿಳೀತಾ?"

ವಸಂತ ಕಡ್ಡಿಯನ್ನು ನೋಡಿದ, ಅವಳನ್ನು ನೋಡಿದ. ತಿಳಿಯಿತು. ಮೂಗು ಒರೆಸಿಕೊಳ್ಳಲು ಹೋಗಿ ಅಲ್ಲಿ ಅಂಟು ಮೆತ್ತಿಕೊಂಡ. ಆ ಬೆಳಗ್ಗೆ ಅವಳು ಮೊದಲ ಸಲ ನಕ್ಕಳು.

"ನಂಗೆ ನೀನು ಬೇಕು ಕಣೋ," ಎಂದಳು, ನಗು ನಿಲ್ಲುವ ಮೊದಲೇ. "ಕೆಲಸ ಸಿಕ್ಕಿದ್ರೂ, ಸಿಗದೆ ಇದ್ರೂ."

"ನಂಗೂ," ಎಂದ. ಅಷ್ಟು ಹೇಳಲು ಅವನಿಗೆ ಎರಡು ಮಳೆಗಾಲ ಬೇಕಾಯಿತು.

ಬೈಕಿನಲ್ಲಿ ರಸ್ತೆಯವರೆಗೆ ಬಿಟ್ಟ. ಬಸ್ಸು ಬಂದಾಗ ಅವಳ ಬ್ಯಾಗನ್ನು ಮೇಲೆ ಕೊಟ್ಟು, ಜೇಬಿನಿಂದ ಇನ್ನೊಂದು ನಿಂಬೆಹಣ್ಣು ತೆಗೆದು ಕಿಟಕಿಯೊಳಗೆ ಚಾಚಿದ.

"ಕೈ ಉಜ್ಕೋ, ಕ್ಯಾಪ್ಟನ್. ಹಿಂಗೇ ಹೋದ್ರೆ ಏನಂತಾರೆ?"

ಅವಳು ಹಣ್ಣನ್ನು ತಗೊಂಡು ಮೂಸಿ ನೋಡಿ ಬ್ಯಾಗಿನಲ್ಲಿಟ್ಟುಕೊಂಡಳು.

ಬಸ್ಸು ಹುಣಸೂರು ದಾಟಿತು. ಪಕ್ಕದ ಸೀಟಿನ ಹೆಂಗಸು ಅವಳ ಕೈ ನೋಡಿ, "ಸೊಪ್ಪಿನ ಕೆಲಸಾನಾ ತಾಯಿ? ಎಲ್ಲಿಗೆ ಹೊಂಟೆ?" ಎಂದು ಕೇಳಿದಳು.

"ಇಂಟರ್ವ್ಯೂಗೆ," ಎಂದಳು ಶಾಂತಲಾ. "ಮುಗಿಸ್ಕೊಂಡು ವಾಪಸ್ ಬರ್ಬೇಕು. ಸ್ವಲ್ಪ ಸೊಪ್ಪು ಕಟ್ಟೋದು ಬಾಕಿ ಇದೆ."

ಅಂಟಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ತಲೆಯನ್ನು ಕಿಟಕಿಗೆ ಒರಗಿಸಿದಳು. ಫೋನು ಬ್ಯಾಗಿನಲ್ಲಿತ್ತು. ಎಷ್ಟೋ ತಿಂಗಳಾದ ಮೇಲೆ ಅವಳು ಅದನ್ನು ತೆಗೆದು ನೋಡದೆ ನಿದ್ದೆ ಹೋದಳು.