ಷೆನ್ ಮನೆತನದ ನಾಲಗೆ

ಲಿನ್‌ಜಿಯಾಂಗ್ ರಾಜ್ಯದಲ್ಲಿ ಷೆನ್ ಮನೆತನದ ಹೆಸರು ಹೇಳಿದರೆ ಮಂತ್ರಿಗಳ ಪಲ್ಲಕ್ಕಿಯೂ ದಾರಿ ಬಿಟ್ಟು ನಿಲ್ಲುತ್ತಿತ್ತು. ಆ ಮನೆಯವರಿಗೆ ಸೈನ್ಯವಿರಲಿಲ್ಲ, ಹೇಳಿಕೊಳ್ಳುವಂಥ ಭೂಮಿಯೂ ಇರಲಿಲ್ಲ; ಇದ್ದದ್ದು ನಾಲಗೆ. ರಾಜ್ಯ ಸ್ಥಾಪನೆಯಾದ ಕಾಲದಿಂದಲೂ ರಾಜನ ಬಟ್ಟಲಿಗೆ ಬೀಳುವ ಆಹಾರವನ್ನೆಲ್ಲ ಮೊದಲು ಷೆನ್ ಮನೆತನದ ಹೆಣ್ಣುಮಗಳೊಬ್ಬಳು ಬಾಯಲ್ಲಿಟ್ಟು, ನಿಧಾನವಾಗಿ ಅಗಿದು, ನುಂಗಿ, ‘ಶುದ್ಧ’ ಎಂದ ಮೇಲೆಯೇ ರಾಜನು ಊಟದ ಕಡ್ಡಿಗಳನ್ನು ಎತ್ತುತ್ತಿದ್ದನು. ಆ ಮನೆಯ ಹೆಂಗಸರು ಮದ್ಯ ಮುಟ್ಟಿದವರಲ್ಲ, ಹಸಿಬೆಳ್ಳುಳ್ಳಿ ಕಚ್ಚಿದವರಲ್ಲ, ಉಪ್ಪಿನಕಾಯಿಯ ಭರಣಿಯನ್ನು ಮನೆಯೊಳಗೆ ಬಿಟ್ಟುಕೊಂಡವರಲ್ಲ. ನಾಲಗೆ ಸುಟ್ಟೀತೆಂದು ಚಹವನ್ನು ಆರಿಸಿಯೇ ಕುಡಿಯುತ್ತಿದ್ದರು. ಅವರಲ್ಲೊಬ್ಬ ಹಿರಿಯಳು ಈಗಿನ ರಾಜನ ಅಜ್ಜನ ಕಾಲದಲ್ಲಿ ವಿಷ ಬೆರೆತ ಏಡಿಯನ್ನು ತಿಂದು ಸಿಂಹಾಸನದ ಮುಂದೆಯೇ ಕುಸಿದಿದ್ದಳು. ಮಾತು ಹೊರಡದಾದಾಗ ತಟ್ಟೆಯನ್ನು ಕಾಲಿನಿಂದ ಒದ್ದು ಚೆಲ್ಲಿ ಪ್ರಾಣ ಬಿಟ್ಟಿದ್ದಳು. ಈ ಕತೆಯ ಷೆನ್ ರೂಯಿ ಆಕೆಯ ಮೊಮ್ಮಗಳು.

ರೂಯಿಗೆ ಐವತ್ತು ದಾಟಿತ್ತು. ತನ್ನ ನಂತರ ಈ ಪದವಿಗೆ ಬರಬೇಕಾಗಿದ್ದ ಒಬ್ಬಳೇ ಮಗಳು ಹಿಂದಿನ ಶರದೃತುವಿನಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ಆಕೆಗೆ ಯಾವುದೂ ತಟ್ಟುತ್ತಿರಲಿಲ್ಲ. ಯಾರಾದರೂ ಅತ್ತರೆ ಅಳುತ್ತಿದ್ದಾರೆ ಎಂದು ತಿಳಿಯುತ್ತಿತ್ತು, ನಕ್ಕರೆ ನಗುತ್ತಿದ್ದಾರೆ ಎಂದು ತಿಳಿಯುತ್ತಿತ್ತು, ಅಷ್ಟೇ. ದೇಹದಲ್ಲಿ ಜೀವವಿದ್ದ ಭಾಗವೆಂದರೆ ನಾಲಗೆಯೊಂದೇ. ಅದು ಮಾತ್ರ ಉಪ್ಪಿನ ಒಂದು ಹರಳು ಹೆಚ್ಚಾದರೂ ಎಚ್ಚರಿಸುತ್ತಿತ್ತು.

ಅಂದು ಚಳಿಗಾಲದ ಅಯನದ ಹಬ್ಬ. ರಾಜಧಾನಿ ಯುಂಗ್‌ಚಾವ್ ನಗರವು ಬೆಳಗಿನಿಂದಲೇ ಹಬೆಯಲ್ಲಿ ಮುಳುಗಿತ್ತು. ದಕ್ಷಿಣದ ಹೆಬ್ಬಾಗಿಲಿನ ಕಾಲುವೆಯುದ್ದಕ್ಕೂ ದೋಣಿಗಳು ಒತ್ತಾಗಿ ನಿಂತು, ಬೆಸ್ತರು ಶುಂಠಿ ತುರುಕಿದ ಮೀನನ್ನು ಬಿದಿರಿನ ಜಾಲರಿಗಳಲ್ಲಿ ಬೇಯಿಸುತ್ತಿದ್ದರು. ಉತ್ತರದ ಬಾಗಿಲಿನಲ್ಲಿ, ಬರಗಾಲದ ವರ್ಷ ವಲಸೆ ಬಂದು ನೆಲೆಸಿದ ಬಯಲುಸೀಮೆಯವರು, ಅಕ್ಕಿಯನ್ನು ಇಂದಿಗೂ ಊಟವೆಂದು ಒಪ್ಪದವರು, ಕುರಿಮಾಂಸ ತುಂಬಿದ ಗೋಧಿಯ ಕಡುಬುಗಳನ್ನು ಬಿಸಿಬಿಸಿಯಾಗಿ ಮಾರುತ್ತಿದ್ದರು. ಪಶ್ಚಿಮದ ಬಾಗಿಲಿನಲ್ಲಿ ಷು ಸೀಮೆಯ ಬೆಟ್ಟದ ವರ್ತಕರು ಹುವಾಜಿಯಾವ್ ಎಂಬ ಕಾಡುಮೆಣಸಿನ ಮೂಟೆ ಬಿಚ್ಚಿ ಕುಳಿತಿದ್ದರು. ನಮ್ಮ ಕರಾವಳಿಯವರು ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿಯ ಬಳಗಕ್ಕೆ ಸೇರಿದ್ದು ಅದು. ಕಚ್ಚಿದರೆ ತುಟಿ, ನಾಲಗೆ, ಅಂಗುಳು ಎಲ್ಲವೂ ಜುಮ್ಮೆಂದು ಬಹಳ ಹೊತ್ತು ತಮ್ಮವಲ್ಲವೆಂಬಂತೆ ಆಗಿಬಿಡುತ್ತವೆ. ರಾಜಧಾನಿಯ ಜನ ಆ ಮೂಟೆಗಳ ಮುಂದೆ ಮೂಗು ಮುಚ್ಚಿಕೊಂಡೇ ದಾಟುತ್ತಿದ್ದರು.

ಆದರೆ ಈ ಸಲದ ಔತಣ ಷು ಸೀಮೆಯವರಿಗಾಗಿಯೇ ಏರ್ಪಟ್ಟಿತ್ತು. ಬಹುಕಾಲದ ಗಡಿಜಗಳ ಮುಗಿಸಿ ಒಪ್ಪಂದ ಮಾಡಿಕೊಳ್ಳಲು ಅವರ ರಾಯಭಾರಿ ಬಂದಿದ್ದನು. ಆತನ ಗೌರವಾರ್ಥ ಆತನ ನಾಡಿನ ಅಡುಗೆಯನ್ನೇ ಬಡಿಸಬೇಕೆಂದು ಹೇಳಿದವನು ರಾಜನ ಚಿಕ್ಕಪ್ಪ ದುವಾನ್ ಪ್ರಭು. ಇಪ್ಪತ್ತು ತುಂಬದ ರಾಜನಿಗೆ ಇನ್ನೂ ಮಕ್ಕಳಿರಲಿಲ್ಲ; ಆತನ ನಂತರ ಸಿಂಹಾಸನ ದುವಾನನಿಗೇ ಸೇರತಕ್ಕದ್ದಾಗಿತ್ತು.

ಬೆಳಗ್ಗೆ ರೂಯಿ ಅಡುಗೆಮನೆಗೆ ಹೋದಾಗ ರಾಯಭಾರಿಯ ಬಾಣಸಿಗ ಪಾಂಗ್ ಎಂಬವನು ಸೊಂಟದೆತ್ತರದ ಮಣ್ಣಿನ ಪಾತ್ರೆಯ ಪಕ್ಕದಲ್ಲಿ ಕಾಲು ಚಾಚಿ ಕುಳಿತಿದ್ದನು.

“ಬನ್ನಿ ಅಮ್ಮನವರೇ, ಬನ್ನಿ!” ಎಂದು ಅವನು ಕುಳಿತಲ್ಲಿಂದಲೇ ಕೂಗಿದನು. “ನಿನ್ನೆ ನಿಮ್ಮ ಊರಿನ ಸಪ್ಪೆ ಊಟ ಮಾಡಿದೆ. ಯಾರಿಗೆ ಕಾಯಿಲೆ ಅಂತ ಕೇಳಿದೆ. ಯಾರಿಗೂ ಇಲ್ಲವಂತೆ! ದಿನಾಲೂ ಹಾಗೆಯೇ ತಿನ್ನುತ್ತೀರಂತೆ!”

“ಮೀನಿಗೆ ಮೀನಿನದೇ ರುಚಿ ಇರುತ್ತದೆ. ಅದು ತಿಳಿಯದವರು ಮಸಾಲೆ ಸುರಿಯುತ್ತಾರೆ,” ಎಂದಳು ರೂಯಿ. “ಎದ್ದು ನಿಂತು ಮಾತನಾಡಿ. ಪಾತ್ರೆಯಲ್ಲಿ ಏನಿದೆ?”

ಪಾಂಗ್ ಎದ್ದು ನಿಂತನು. “ಕುರಿಮಾಂಸ, ಶುಂಠಿ, ವತ್ಸನಾಭಿಯ ಗೆಡ್ಡೆ.”

ರೂಯಿಯ ಮುಖದಲ್ಲಿ ಬದಲಾವಣೆ ಕಾಣಲಿಲ್ಲ. ವತ್ಸನಾಭಿ ಎಂದರೆ ಘೋರ ವಿಷವೆಂದು ಆಕೆ ಬಾಲ್ಯದಲ್ಲೇ ಕಲಿತಿದ್ದಳು. ಷು ಸೀಮೆಯವರು ಅದನ್ನು ಚಳಿಗಾಲದಲ್ಲಿ ಹೊತ್ತುಗಟ್ಟಲೆ ಕುದಿಸಿ, ವಿಷ ಕಳೆದು, ಮೈ ಬೆಚ್ಚಗಿರಲೆಂದು ತಿನ್ನುತ್ತಾರೆಂಬುದನ್ನೂ ಕೇಳಿದ್ದಳು.

“ಹೆದರಬೇಡಿ. ನಿನ್ನೆ ಮಧ್ಯಾಹ್ನದಿಂದ ಒಂದೇ ಕುದಿ. ನಡುವೆ ತಣ್ಣೀರು ಹಾಕುವ ಹಾಗಿಲ್ಲ, ಹಸಿಗೆಡ್ಡೆ ಸೇರಿಸುವ ಹಾಗಿಲ್ಲ. ಮಾಡಿದರೆ ಪಾತ್ರೆಯಷ್ಟೂ ವಿಷ. ಬೆಂದಿದೆಯೋ ಇಲ್ಲವೋ ನೋಡುವುದು ಮನೆಯ ಹಿರಿಯಜ್ಜಿ. ಚೂರು ಗೆಡ್ಡೆ ನಾಲಗೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಜುಮ್ಮೆಂದರೆ ಪಾತ್ರೆ ಮತ್ತೆ ಒಲೆಗೆ. ಏನೂ ಆಗದಿದ್ದರೆ ಊಟಕ್ಕೆ. ಇಲ್ಲಿ ಅಜ್ಜಿ ಇಲ್ಲ, ನೀವೇ ನೋಡಿ.”

ಆಕೆ ಚೂರನ್ನು ನಾಲಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕುಳಿತಳು. ಗೆಣಸಿನಂತೆ ಮೆತ್ತಗೆ, ಸಪ್ಪೆ, ಕೊನೆಯಲ್ಲಿ ನಸುಕಹಿ. ಜುಮ್ಮೆನ್ನಲಿಲ್ಲ. “ಚೆನ್ನಾಗಿ ಬೆಂದಿದೆ,” ಎಂದು ಎದ್ದಳು.

ಆಕೆ ಹೋದ ಸ್ವಲ್ಪ ಹೊತ್ತಿಗೆ ದುವಾನ್ ಪ್ರಭುವಿನ ಕಡೆಯಿಂದ ಆಳು ಬಂದು, ಬಾಣಸಿಗನಿಗೆ ರೇಷ್ಮೆಯ ಉಡುಗೊರೆ ಕೊಡುವುದಿದೆ ಎಂದು ಪಾಂಗ್‌ನನ್ನು ಕರೆದುಕೊಂಡು ಹೋದನು. ಪಾತ್ರೆಯ ಬಳಿ ಪ್ರಭುವಿನ ಕಾವಲುಗಾರನೊಬ್ಬ ನಿಂತನು.

ನಡುಹಗಲಿಗೆ ಔತಣ ಆರಂಭವಾಯಿತು. ಕೆಂಡದ ಅಗ್ಗಿಷ್ಟಿಕೆಗಳ ನಡುವೆ ರಾಜನು ಎತ್ತರದ ಪೀಠದಲ್ಲಿ, ಬಲಕ್ಕೆ ರಾಯಭಾರಿ, ಎಡಕ್ಕೆ ಚಿಕ್ಕಪ್ಪ. ರೂಯಿ ಎಂದಿನಂತೆ ರಾಜನ ಮುಂದಿನ ಕಿರುಮೇಜಿನ ಬಳಿ ನಿಂತಿದ್ದಳು. ಮೊದಲು ಬಂದದ್ದು ಕಾಡುಮೆಣಸಿನ ಎಣ್ಣೆಯಲ್ಲಿ ತೇಲುತ್ತಿದ್ದ ತಣ್ಣನೆಯ ಕೋಳಿಯ ತುಂಡುಗಳು. ರೂಯಿ ಒಂದು ತುಂಡು ತಿಂದಳು. ವಿಷವಿರಲಿಲ್ಲ. “ಶುದ್ಧ,” ಎಂದಳು, ಆ ಶಬ್ದ ಮುಗಿಯುವಷ್ಟರಲ್ಲಿ ತುಟಿ ತನ್ನದಲ್ಲವೆನಿಸಿತು.

ರಾಜನು ತಿಂದು, ತುಟಿ ಮುಟ್ಟಿ ನೋಡಿಕೊಂಡು, ಮಗುವಿನಂತೆ ನಕ್ಕನು. “ಚಿಕ್ಕಪ್ಪ, ನನ್ನ ಬಾಯಿ ಎಲ್ಲಿ ಹೋಯಿತು?”

“ಇನ್ನೂ ಇದೆ ಮಹಾಪ್ರಭು, ಊಟಕ್ಕೆ ಬೇಕಾಗುತ್ತದೆ,” ಎಂದು ದುವಾನನೂ ನಕ್ಕು, ರಾಯಭಾರಿಯತ್ತ ಬಾಗಿದನು. “ಬಡಿಸುವ ಸರದಿಯನ್ನು ಖುದ್ದು ನಾನೇ ಹಾಕಿದ್ದು. ಅಡುಗೆಯವರಿಗೆ ಬಿಟ್ಟರೆ ಅತಿಥಿಗಳ ಮಾನ ಕಳೆಯುತ್ತಾರೆ.”

ರಾಯಭಾರಿ ಏನೋ ಹೇಳಲು ಹೋಗಿ, ಪರರಾಜ್ಯದ ಮರ್ಯಾದೆ ನೆನೆದು ಸುಮ್ಮನಾದನು. ಅಷ್ಟರಲ್ಲಿ ಕುರಿಮಾಂಸದ ಪಾತ್ರೆ ಬಂತು.

ಬಟ್ಟಲಿನ ಹಬೆ ರೂಯಿಯ ಮುಖಕ್ಕೆ ತಾಗಿತು. ಆಕೆ ನಾಲಗೆಯನ್ನು ಹಲ್ಲಿಗೆ ಒತ್ತಿ ನೋಡಿಕೊಂಡಳು. ಅಲ್ಲಿ ಹಲ್ಲೂ ಇರಲಿಲ್ಲ, ನಾಲಗೆಯೂ ಇರಲಿಲ್ಲ. ವತ್ಸನಾಭಿಯ ವಿಷವನ್ನು ನುಂಗುವ ಮೊದಲೇ ತಿಳಿಸುವ ಒಂದೇ ಗುರುತು ನಾಲಗೆ ಜುಮ್ಮೆನ್ನುವುದು. ಆ ಗುರುತನ್ನು ಹೇಳಬೇಕಾದ ನಾಲಗೆ ಆಗಲೇ ಜುಮ್ಮೆನ್ನುತ್ತಿತ್ತು. ಆಕೆ ಚಮಚವನ್ನು ಕೆಳಗಿಟ್ಟಳು.

“ಮಹಾಪ್ರಭು, ನನ್ನ ಬಾಯಿಗೆ ಸ್ಪರ್ಶ ತಿಳಿಯುತ್ತಿಲ್ಲ. ಅದು ಮರಳುವವರೆಗೆ ಈ ಪಾತ್ರೆಯ ಬಗ್ಗೆ ನಾನು ಸಾಕ್ಷಿ ನುಡಿಯಲಾರೆ. ತಾವು ಕಾಯಬೇಕು.”

ದುವಾನನ ಧ್ವನಿ ಬೆಣ್ಣೆಯಂತಿತ್ತು. “ಅಮ್ಮನವರೇ, ಬೆಳಗ್ಗೆ ತಾವೇ ರುಚಿ ನೋಡಿ ಚೆನ್ನಾಗಿದೆ ಎಂದಿರಂತಲ್ಲ?”

“ಬೆಳಗಿನ ಮಾತು ಬೆಳಗಿನ ಪಾತ್ರೆಗೆ, ಪ್ರಭುಗಳೇ. ಅದು ನನ್ನ ಕಣ್ಣಿನಿಂದ ಮರೆಯಾದ ಮೇಲೆ ಅದೇ ಪಾತ್ರೆಯೆಂದು ನಾನು ಹೇಗೆ ಹೇಳಲಿ?”

“ಅಂದರೆ ನಮ್ಮ ಅತಿಥಿಗಳ ಮೇಲೆ ಸಂಶಯ! ಒಪ್ಪಂದಕ್ಕೆ ಬಂದವರನ್ನು ವಿಷ ಹಾಕುವವರೆನ್ನುತ್ತಿದ್ದೀರಿ. ಒಂದು ಮಾತು, ‘ಶುದ್ಧ’ ಎಂದುಬಿಡಿ. ಅದಕ್ಕೂ ಶಕ್ತಿಯಿಲ್ಲವೇ?”

ರಾಯಭಾರಿ ಮುಖ ಗಂಟಿಕ್ಕಿದನು. ರಾಜನ ಕೆನ್ನೆ ಕೆಂಪಾಯಿತು. ಪರದೇಶದವರ ಮುಂದೆ ತನ್ನ ಊಟವನ್ನು ಒಬ್ಬ ಹೆಂಗಸು ತಡೆದು ನಿಲ್ಲಿಸಿದಳೆಂಬುದು ಆ ಎಳೆಯ ಮನಸ್ಸಿಗೆ ಚುಚ್ಚಿತು.

“ರೂಯಿ, ರುಚಿ ನೋಡು. ಇದು ಆಜ್ಞೆ.”

“ನೋಡಬಲ್ಲೆ, ಮಹಾಪ್ರಭು. ಆದರೆ ‘ಶುದ್ಧ’ ಎನ್ನಲಾರೆ. ತಿಳಿಯದ್ದನ್ನು ತಿಳಿದಿದೆ ಎಂದು ಷೆನ್ ಮನೆತನದವರು ಹೇಳಿದ್ದಿಲ್ಲ.”

“ಷೆನ್ ಮನೆತನ! ಷೆನ್ ಮನೆತನ!” ರಾಜನು ಕಡ್ಡಿಗಳನ್ನು ಮೇಜಿಗೆ ಬಡಿದನು. “ನಮ್ಮ ಅಡುಗೆಮನೆಯಲ್ಲಿ ತಲೆತಲಾಂತರದಿಂದ ಪುಕ್ಕಟೆ ಉಂಡು ಬೆಳೆದ ಮನೆತನ. ನಿನ್ನ ಅಜ್ಜಿ ಸತ್ತದ್ದು ವಿಷದಿಂದಲೋ, ಏಡಿ ಹೆಚ್ಚು ತಿಂದು ಹೊಟ್ಟೆ ಕೆಟ್ಟೋ, ಯಾರು ಕಂಡಿದ್ದಾರೆ?”

ದುವಾನ್ ಮೊದಲು ನಕ್ಕನು. ಅವನು ನಕ್ಕದ್ದರಿಂದ ಮಂತ್ರಿಗಳು ನಕ್ಕರು. ಮಂತ್ರಿಗಳು ನಕ್ಕದ್ದರಿಂದ ಬಾಗಿಲಿನ ಕಾವಲಿನವರೂ ನಕ್ಕರು. ರೂಯಿ ಅವರೆಲ್ಲ ನಗುತ್ತಿರುವುದನ್ನು ಕಂಡಳು. ಮೈ ಉರಿಯಬೇಕಾಗಿತ್ತು ಎಂದು ಆಕೆಗೆ ಗೊತ್ತಾಯಿತು, ಉರಿಯಲಿಲ್ಲ. ಮಗಳನ್ನು ಹೂಳಿದ ಮಣ್ಣಿನ ದಿಬ್ಬದ ಮುಂದೆ ನಿಂತಾಗಲೂ ಹೀಗೆಯೇ ಆಗಿತ್ತು.

ರಾಜನು ತಾನೇ ಬಟ್ಟಲಿಗೆ ಕೈ ಚಾಚಿದನು. ಆತನಿಗಿಂತ ಮೊದಲು ರೂಯಿ ಅದನ್ನು ಎತ್ತಿಕೊಂಡಳು. ನಿಂತಲ್ಲೇ, ರಸವನ್ನು ಕುಡಿದು, ಮಾಂಸವನ್ನೂ ಗೆಡ್ಡೆಯನ್ನೂ ಒಂದು ಚೂರು ಉಳಿಸದೆ ತಿಂದು, ಬರಿದಾದ ಬಟ್ಟಲನ್ನು ಕೆಳಗಿಟ್ಟಳು.

“ನಾಲಗೆಯ ಸಾಕ್ಷಿ ಇಂದು ಸಲ್ಲದು. ಮೈಯ ಸಾಕ್ಷಿ ಸಲ್ಲುತ್ತದೆ. ಒಂದು ಊದುಬತ್ತಿ ಉರಿದು ಮುಗಿಯಲಿ, ಮಹಾಪ್ರಭು. ಅಲ್ಲಿಯವರೆಗೆ ಯಾರೂ ತಿನ್ನಬಾರದು.”

“ರಾಜನ ಪಾಲನ್ನೂ ಉಂಡಳು!” ಎಂದನು ದುವಾನ್. ಈ ಸಲ ಹೆಚ್ಚು ಜನ ನಗಲಿಲ್ಲ. ಯಾರೋ ಊದುಬತ್ತಿ ಹಚ್ಚಿದರು.

ಬತ್ತಿ ಅರ್ಧಕ್ಕೆ ಬಂದಾಗ ರೂಯಿಯ ಕೈಬೆರಳ ತುದಿಗಳಲ್ಲಿ ಇರುವೆ ಹರಿದಂತಾಯಿತು. ಆಮೇಲೆ ಇರುವೆಗಳೂ ಇಲ್ಲವಾದವು. ಆಕೆ ಪಕ್ಕದಲ್ಲಿದ್ದ ಕುದಿನೀರಿನ ಹೂಜಿಯ ಮೇಲೆ ಅಂಗೈ ಇಟ್ಟಳು. ಚರ್ಮ ಕೆಂಪಾಯಿತು, ಬೊಕ್ಕೆ ಎದ್ದಿತು, ಎಲ್ಲರೂ ನೋಡಿದರು, ಆಕೆ ಕೈ ತೆಗೆಯಲಿಲ್ಲ.

“ಕಾಡುಮೆಣಸು ಬಾಯಿಯನ್ನು ಬಿಟ್ಟು ಕೆಳಗಿಳಿಯುವುದಿಲ್ಲ,” ಎಂದು ಆಕೆ ಒಂದೊಂದೇ ಅಕ್ಷರವನ್ನು ತೂಗಿ ಇಡುವಂತೆ ಹೇಳಿದಳು. “ಇದು ಬೆರಳಿಗೆ ಇಳಿದಿದೆ. ಅಶುದ್ಧ.”

ಹಾಗೆಂದು ನೆಲಕ್ಕೆ ಕುಸಿದಳು.

ಮೊದಲು ಓಡಿ ಬಂದವನು ಹೊಸ ರೇಷ್ಮೆಯ ಅಂಗಿ ತೊಟ್ಟು ಕಂಬದ ಬಳಿ ನಿಂತಿದ್ದ ಪಾಂಗ್. ಆಕೆಯ ಬಾಯಿಗೆ ಉಪ್ಪುನೀರು ಸುರಿದು ವಾಂತಿ ಮಾಡಿಸುತ್ತ, ಶುಂಠಿ ತನ್ನಿ, ಅತಿಮಧುರ ತನ್ನಿ ಎಂದು ಸೇವಕರ ಮೇಲೆ ಅರಚುತ್ತ, ಬಿಕ್ಕಿ ಬಿಕ್ಕಿ ಅಳುತ್ತ, ಎದುರಿಗಿರುವವನು ರಾಜನೆಂಬುದನ್ನೂ ಮರೆತು ಅವನು ಕೂಗಿದನು: “ಗೆಡ್ಡೆಯ ಪಾತ್ರೆಗಿಂತ ಮೊದಲು ಮೆಣಸಿನ ಕೋಳಿಯನ್ನು ಬಡಿಸಿದವರು ಯಾರು? ನಮ್ಮೂರಲ್ಲಿ ಹಾಗೆ ಮಾಡಿದವನಿಗೆ ಸೌಟಿನಲ್ಲೇ ಬೀಳುತ್ತದೆ! ಗೆಡ್ಡೆಯನ್ನು ತೊಳೆದ ಬಾಯಲ್ಲೇ ತಿನ್ನಬೇಕು. ಮೆಣಸು ಆಮೇಲೆ. ಮೊದಲು ಅದನ್ನು ತಿಂದರೆ ವಿಷ ತಿಳಿಯುವುದಾದರೂ ಹೇಗೆ?”

“ಈ ಬಾಣಸಿಗನನ್ನು ಹಿಡಿಯಿರಿ! ವಿಷ ಹಾಕಿದವನು ಅವನೇ!” ಎಂದು ದುವಾನ್ ಎದ್ದನು.

ರಾಜನು ಕುಳಿತೇ ಇದ್ದನು. ಆತನ ಮುಖದ ಕೆಂಪು ಇಳಿದು ಬೂದಿಯ ಬಣ್ಣವಾಗಿತ್ತು. “ಚಿಕ್ಕಪ್ಪ,” ಎಂದನು, “ಸರದಿಯನ್ನು ಖುದ್ದು ಹಾಕಿದವರು ನೀವಲ್ಲವೇ?”

ರಾಯಭಾರಿ ಆಗ ಬಾಯಿ ಬಿಟ್ಟನು. “ಹೌದು, ನನ್ನ ಎದುರಿಗೇ ಹೇಳಿದರು. ಈ ಸರದಿ ನಮ್ಮದಲ್ಲ ಎನ್ನಲು ಹೊರಟಿದ್ದೆ; ಸಂಕೋಚಪಟ್ಟೆ. ತಪ್ಪಾಯಿತು.”

ಬೆಳಗ್ಗೆ ಪಾತ್ರೆಯ ಬಳಿ ನಿಂತಿದ್ದ ಕಾವಲುಗಾರನನ್ನು ಎಳೆದು ತಂದರು. ಅವನು ಹೆಚ್ಚು ಹೊತ್ತು ತಾಳಲಿಲ್ಲ. ಪ್ರಭುವಿನ ಅಪ್ಪಣೆಯಂತೆ ಹಸಿಗೆಡ್ಡೆಗಳನ್ನು ಅರೆದು ಪಾತ್ರೆಗೆ ಹಾಕಿದ್ದನ್ನು, ರಾಜನು ಸತ್ತೊಡನೆ ಷು ಸೀಮೆಯವರ ಮೇಲೆ ಹೊರಿಸಿ ಅವರನ್ನು ಅಲ್ಲೇ ಕಡಿಯುವುದೆಂಬ ಏರ್ಪಾಟನ್ನು, ಒಂದೇ ಉಸಿರಿಗೆ ಒಪ್ಪಿಕೊಂಡನು. ಸಂಜೆಯೊಳಗೆ ದುವಾನನ ಕೈಗೆ ಸಂಕೋಲೆ ಬಿತ್ತು. ಒಪ್ಪಂದಕ್ಕೆ ಮುದ್ರೆ ಬಿತ್ತು.

ರೂಯಿ ಸಾಯಲಿಲ್ಲ. ಪಾಂಗ್ ತನ್ನ ಊರಿನ ಕಷಾಯಗಳನ್ನು ಕುಡಿಸಿ ಆಕೆಯ ಜೀವವನ್ನು ಹಿಡಿದು ನಿಲ್ಲಿಸಿದನು. ಆದರೆ ಎದ್ದು ಕುಳಿತ ಮೇಲೂ ಬೆರಳುಗಳಿಗೆ ಸ್ಪರ್ಶ ಬರಲಿಲ್ಲ. ಗಂಜಿಗೆ ಉಪ್ಪಿದೆಯೋ ಇಲ್ಲವೋ ತಿಳಿಯಲಿಲ್ಲ. ಪಾಂಗ್ ಒಂದು ದಿನ ಬಟ್ಟಲಿಗೆ ಬೇಕೆಂದೇ ಹಿಡಿಯಷ್ಟು ಉಪ್ಪು ಹಾಕಿ ತಂದನು. ಆಕೆ ಪೂರ್ತಿ ಕುಡಿದು, “ಚೆನ್ನಾಗಿದೆ,” ಎಂದಳು. ಅವನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತನು.

ರಾಜನು ಬಂದನು. ಪರಿವಾರವನ್ನು ಅಂಗಳದಲ್ಲೇ ನಿಲ್ಲಿಸಿ, ಒಬ್ಬನೇ ಒಳಗೆ ಬಂದು, ಹಾಸಿಗೆಯ ಪಕ್ಕದ ಮಣೆಯ ಮೇಲೆ ಕುಳಿತನು. ರೂಯಿ ದಿಂಬಿಗೆ ಒರಗದೆ ನೇರವಾಗಿ ಕುಳಿತು ತಲೆ ಬಾಗಿಸಿದಳು.

“ರೂಯಿಯಮ್ಮ, ತಾವು ನನ್ನ ಪ್ರಾಣ ಉಳಿಸಿದಿರಿ,” ಎಂದನು ರಾಜ. “ನದಿಯ ಆಚೆಯ ಭತ್ತದ ಬಯಲು ಇನ್ನು ಮೇಲೆ ತಮ್ಮದು. ‘ರಾಜ್ಯಮಾತೆ’ ಎಂಬ ಬಿರುದನ್ನು ಕಲ್ಲಿನಲ್ಲಿ ಕೆತ್ತಿಸಿ ತಮ್ಮ ಬಾಗಿಲಲ್ಲಿ ನಿಲ್ಲಿಸುತ್ತೇನೆ. ತಮ್ಮ ಮಗಳ ಸಮಾಧಿಗೆ ರಾಜಕುಮಾರಿಯ ಗೌರವ ಸಲ್ಲುತ್ತದೆ. ಇನ್ನೇನು ಬೇಕೋ ಕೇಳಿ.”

ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ಕಿಟಕಿಯಾಚೆ ಕಾಲುವೆಯಲ್ಲಿ ದೋಣಿಗಾರನೊಬ್ಬ ಬೇಯಿಸಿದ ಕಮಲದ ಗೆಡ್ಡೆಯನ್ನು ಮಾರುತ್ತ ಕೂಗುತ್ತಿದ್ದನು.

“ಬಯಲು ಬೇಡ, ಮಹಾಪ್ರಭು. ಉಳುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಕಲ್ಲೂ ಬೇಡ.”

“ಹಾಗಾದರೆ?”

“ನನ್ನ ಅಜ್ಜಿ ಹೊಟ್ಟೆಬಾಕತನದಿಂದ ಸತ್ತಳೆಂದಿರಿ. ಮಂತ್ರಿಗಳೆಲ್ಲ ನಕ್ಕರು.”

ರಾಜನು ತನ್ನ ಕೈಗಳನ್ನು ನೋಡಿಕೊಂಡನು. “ಕೋಪದಲ್ಲಿ ಬಂದ ಮಾತು. ಅದನ್ನು ಯಾರೂ ನೆನಪಿಡುವುದಿಲ್ಲ.”

“ನಾನು ನೆನಪಿಟ್ಟಿದ್ದೇನೆ.”

“ಇಲ್ಲಿಯೇ, ಈಗಲೇ, ನನಗೆ ಪಶ್ಚಾತ್ತಾಪವಾಗಿದೆ ಎಂದು ಹೇಳುತ್ತೇನೆ, ರೂಯಿಯಮ್ಮ. ಸಾಲದೇ?”

“ಸಾಲದು. ಸಭೆಯಲ್ಲಿ ಆಡಿದ ಮಾತು ಅದು.”

“ರಾಜನಾದವನು ಸಭೆಯಲ್ಲಿ ಕ್ಷಮೆ ಕೇಳುವ ಪದ್ಧತಿ ನಮ್ಮ ರಾಜ್ಯದಲ್ಲಿಲ್ಲ. ತಮಗೆ ಗೊತ್ತಿಲ್ಲದ್ದೇ?”

“ಗೊತ್ತಿದೆ,” ಎಂದಳು ಷೆನ್ ರೂಯಿ. ಆಕೆಯ ಧ್ವನಿಯಲ್ಲಿ ಕೋಪವಿರಲಿಲ್ಲ, ಅಳುವಿರಲಿಲ್ಲ, ಏರಿಳಿತವೂ ಇರಲಿಲ್ಲ. “ನಾಳೆ ಸಭೆ ಕರೆಯಿಸಿ. ಅಂದು ನಕ್ಕವರೆಲ್ಲ ಬರಲಿ. ಅವರೆದುರಿಗೆ ನನ್ನ ಅಜ್ಜಿಯ ಹೆಸರು ಹೇಳಿ, ತಾವು ಕ್ಷಮೆ ಕೇಳಬೇಕು.”