ಕಟ್ಟೆಯ ಮೇಲಿನ ಟಿವಿ

ಟಿವಿ ರಿಪೇರಿಗೆ ಬಂದ ಮೊದಲ ದಿನವೇ ಉಡಚಪ್ಪ ಮಲ್ಲಕ್ಕನ ಕೈಗೆ ಹೊಡೆದ.

ಟಿವಿಯ ಹಿಂದಿನ ಹಲಗೆ ಬಿಚ್ಚಿತ್ತು. ಧೂಳು ಒರೆಸಲು ಅವಳು ಒಳಗೆ ಕೈ ಹಾಕಿದ್ದಳು. ಸ್ಕ್ರೂಡ್ರೈವರಿನ ಹಿಡಿ ಬಿದ್ದ ರಭಸಕ್ಕೆ ಬಳೆ ಒಡೆದು ರಕ್ತ ಬಂತು. ಅವಳು ತಿರುಗಿ ಅವನ ಕೆನ್ನೆಗೆ ಬಾರಿಸಿದಳು.

ಅವನು ತಂತಿಯ ಒಂದು ತುದಿಯನ್ನು ಟಿವಿಯ ತಗಡಿಗೆ ಕಟ್ಟಿ, ಇನ್ನೊಂದನ್ನು ಸ್ಕ್ರೂಡ್ರೈವರಿಗೆ ಸುತ್ತಿ, ಅವಳು ಮುಟ್ಟಲು ಹೋದ ಜಾಗಕ್ಕೆ ತಾಗಿಸಿದ. ಚಟ್ ಎಂದು ನೀಲಿ ಕಿಡಿ ಹಾರಿತು.

“ಆರಿಸಿದ ಮ್ಯಾಲೂ ಇದರ ಹೊಟ್ಟ್ಯಾಗ ಕರೆಂಟ್ ಇರ್ತೈತ್ರಿ. ಮುಟ್ಟಿದ್ರ ಒಗದ ಬಿಡ್ತಿತ್ತು.”

ಅವನ ಕೆನ್ನೆಯ ಮೇಲೆ ಅವಳ ಬೆರಳು ಮೂಡಿದ್ದವು. ಮಲ್ಲಕ್ಕನಿಗೆ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ...

ಅದು ಎಂಬತ್ತೈದರ ಸುಮಾರು. ಅವಳ ಅಪ್ಪ ಮುಂಬಯಿಯ ಗಿರಣಿ ಮುಚ್ಚಿದಾಗ ಹೊತ್ತು ತಂದ ವಾಲ್ವಿನ ಟಿವಿ, ಅವನು ಸತ್ತ ಮೇಲೆ ಮೂಲೆ ಸೇರಿತ್ತು. ಅವರ ಊರು ಕುಂದಗೋಳದಲ್ಲೂ ಚಿತ್ರ ಸಿಗಲು ಶುರುವಾದಾಗ ಅಣ್ಣ ಬೀರಲಿಂಗಪ್ಪ ಕಲಘಟಗಿಯ ವರನಿಗೆ ಮಾತು ಕೊಟ್ಟ: ತಂಗಿಯ ಜೊತೆ ಟಿವಿಯೂ ಬರುತ್ತದೆ. ಟಿವಿ ಹತ್ತಿ ಚಿತ್ರ ಬಂದ ದಿನ ಲಗ್ನ ಗಟ್ಟಿ.

ಉಡಚಪ್ಪ ಅದೇ ಊರಿನ ಕೆಳಗೇರಿಯವನು, ಹುಬ್ಬಳ್ಳಿಯಲ್ಲಿ ಕೆಲಸ ಕಲಿತವನು. ಅವನನ್ನು ಮನೆಯೊಳಗೆ ಬಿಡುವಂತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಟಿವಿಯೇ ಕಟ್ಟೆಗೆ ಬರುತ್ತಿತ್ತು, ಸಂಜೆ ಒಳಗೆ ಹೋಗುತ್ತಿತ್ತು. ಅವನು ಮುಟ್ಟಿದ ಟಿವಿಗೆ ಮಾತ್ರ ಮೈಲಿಗೆ ಇರಲಿಲ್ಲ.

ಮಲ್ಲಕ್ಕ ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತ ಕೂರುತ್ತಿದ್ದಳು. ಟಿವಿಯೊಳಗಿನ ಗಾಜಿನ ವಾಲ್ವು ಕೆಂಪಗೆ ಕಾಯುವುದನ್ನು ಅವನು ತೋರಿಸುತ್ತಿದ್ದ. ಒಂದು ದಿನ, ಇದು ಹತ್ತದೇ ಹೋದರೆ ಏನಾಗುತ್ತದೆ ಎಂದು ಕೇಳಿದಳು.

“ಹತ್ತಲೇಬೇಕಲ್ರಿ. ನಿಮ್ಮ ಲಗ್ನದ ಟಿವಿ,” ಎಂದ ಅವನು, ತಲೆ ಎತ್ತದೆ.

‘ಇವನಿಗೆ ನನಗಿಂತ ಈ ಡಬ್ಬಿ ಹೆಚ್ಚು...’

ಆ ಸಂಜೆ ಟಿವಿ ಒಳಗೆ ಬಂದ ಮೇಲೆ ಅವಳು ಒಂದು ವಾಲ್ವು ಕಿತ್ತು ಜೋಳದ ಚೀಲದಲ್ಲಿ ಹುಗಿದಳು.

ಮರುದಿನ ಹಲಗೆ ಬಿಚ್ಚಿದ ಉಡಚಪ್ಪ ಖಾಲಿ ಜಾಗ ನೋಡಿದ, ಅವಳನ್ನು ನೋಡಿದ, ಸುಮ್ಮನಾದ. ಬೀರಲಿಂಗಪ್ಪನೂ ಬಗ್ಗಿ ನೋಡಿದ.

“ಕದ್ದು ಮಾರಿದೇನಲೇ?”

ದನದ ಗೂಟ ಮೊದಲು ಬೆನ್ನಿಗೆ ಬಿತ್ತು. ಆಮೇಲೆ ಬೀರಲಿಂಗಪ್ಪ ಅವನ ಬಲಗೈಯನ್ನು ಕಟ್ಟೆಯ ಕಲ್ಲಿಗೆ ಒತ್ತಿ ಬೆರಳುಗಳ ಮೇಲೆ ಜಜ್ಜಿದ. ಎಲುಬು ಮುರಿದ ಸಪ್ಪಳ ಬಾಗಿಲವರೆಗೆ ಕೇಳಿಸಿತು.

‘ಸಂಜೆ ವಾಲ್ವು ಇತ್ತು, ರಾತ್ರಿ ನಾನು ಒಳಗೇ ಬಂದಿಲ್ಲ ಅಂತ ಇವನು ಅನ್ನಬಾರದೇ? ಊರಿಗೆಲ್ಲ ಗೊತ್ತಲ್ಲ...’

ಹಾಗೆಂದರೆ ಕಳವು ಮನೆಯವರ ಮೇಲೆ ಬರುತ್ತದೆ. ಮನೆಯಲ್ಲಿ ಇರುವವರು ಅಣ್ಣ, ಅವಳು, ಇಬ್ಬರೇ. ಅದಕ್ಕೇ ಅವನು ಬಾಯಿ ಬಿಡುತ್ತಿಲ್ಲ!

ಮಲ್ಲಕ್ಕ ಒಳಗೆ ಓಡಿ ವಾಲ್ವು ತಂದು ಅಣ್ಣನ ಕಾಲ ಬಳಿ ಅಪ್ಪಳಿಸಿದಳು.

“ನಾನ ತಗದಿಟ್ಟಿದ್ದೆ. ಆ ಲಗ್ನ ನನಗ ಬ್ಯಾಡ. ಇವ ಬೇಕು.”

ಗೂಟ ಅವಳ ಭುಜಕ್ಕೆ ಬಿತ್ತು. ಮತ್ತೆ ಎದ್ದದ್ದು ಉಡಚಪ್ಪನ ತಲೆಗೆ. ಅವಳು ಇಡೀ ಮೈ ಹಾಕಿ ಟಿವಿಯನ್ನು ಕಟ್ಟೆಯಿಂದ ಕೆಳಗೆ ನೂಕಿದಳು. ಪಿಕ್ಚರ್ ಟ್ಯೂಬು ಬಾಂಬಿನಂತೆ ಒಡೆಯಿತು. ಗಾಜು ಸಿಡಿದು ಬೀರಲಿಂಗಪ್ಪನ ಮೊಣಕಾಲು ಸೀಳಿತು. ಅವನು ಕುಸಿದ.

ಅವಳು ಉಡಚಪ್ಪನನ್ನು ಎಬ್ಬಿಸಿಕೊಂಡು ಬಸ್ಸಿನತ್ತ ಓಡಿದಳು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಅವನ ಕೈಗೆ ಪ್ಲಾಸ್ಟರು ಬಿತ್ತು. ಬೆರಳು ಇನ್ನು ಸರಿಯಾಗಿ ಮಡಚುವುದಿಲ್ಲವೆಂದು ಡಾಕ್ಟರು ಹೇಳಿ ಹೋದರು.

“ಊರಿಗೆ ಹೋದ್ರ ನಿಮ್ಮಣ್ಣ ಕಡದ ಬಿಡ್ತಾನ.”

“ಗೊತ್ತೈತಿ.”

“ಈ ಕೈ ನಂಬಿ ಬಂದ್ರ ಉಪಾಸ ಬೀಳ್ತೀರಿ.”

ಮಲ್ಲಕ್ಕ ರೊಟ್ಟಿ ಮುರಿದು ಪಲ್ಯ ಹಚ್ಚಿ ಅವನಿಗೊಂದು ತುತ್ತು ಕೊಟ್ಟಳು. ಅದೇ ತಾಟಿನಿಂದ ತಾನೂ ಒಂದು ತುತ್ತು ಬಾಯಿಗಿಟ್ಟಳು. ಅವನು ಗಾಬರಿಯಾದ.

“ನನ್ನ ಎಂಜಲಾತಲ್ರಿ...”

“ಗೊತ್ತಿದ್ದ ಉಣ್ಣಾಕತ್ತೀನಿ,” ಎಂದಳು ಅವಳು. “ಬಾಯಿ ತಗಿ.”