ಬಸ್ ನಿಲ್ದಾಣದ ಕೆಳಗಿನ ಪಾರ್ಕು

"ಫೈಲ್ ಸಿಕ್ಕಿಲ್ಲ ಅಂತ ಎಷ್ಟು ಸಲ ಹೇಳೋದು ಮೇಡಂ?"

"ಸಿಕ್ತು ಅಂತ ಹೇಳೋವರೆಗೂ."

ನಗರಸಭೆಯ ರೆಕಾರ್ಡ್ ರೂಮಿನ ಗುಮಾಸ್ತ ತಲೆಯೆತ್ತಿದ. ಇತಿಹಾಸದ ಟೀಚರ್ ಒಂಬತ್ತನೆಯ ದಿನವೂ ಶಾಲೆ ಮುಗಿಸಿ ನೇರ ಅಲ್ಲಿಗೇ ಬಂದಿದ್ದಳು. ಬೆರಳಲ್ಲಿ ಇನ್ನೂ ಚಾಕ್‌ಪೀಸಿನ ಬಿಳಿ.

ಅವಳು ಬರೆಯುತ್ತಿದ್ದುದು ಊರ ನಡುವೆ ಒಂದು ಕಾಲಕ್ಕೆ ಇದ್ದ ಪಾರ್ಕಿನ ಚರಿತ್ರೆ. ಅಲ್ಲೀಗ ಬಸ್ ನಿಲ್ದಾಣ. ಗುಲಾಬಿ ಪಾತಿ, ವಾದ್ಯಮಂಟಪ, ಕಲ್ಲುಬೆಂಚು, ಎಲ್ಲದರ ಮೇಲೂ ಡಾಂಬರು ಬಿದ್ದು ಮೂವತ್ತೆಂಟು ವರ್ಷ. ಸೋಮವಾರದ ಸಭೆಯಲ್ಲಿ ಆ ಜಾಗವನ್ನು ಅಂಗಡಿ ಕಟ್ಟಡಕ್ಕೆ ಮಾರುವ ತೀರ್ಮಾನ ಆಗಲಿತ್ತು. ಅಲ್ಲಿ ಪಾರ್ಕಿತ್ತು ಎನ್ನಲು ದಾಖಲೆಯೇ ಇಲ್ಲ ಎನ್ನುತ್ತಿದ್ದರು ಅಧಿಕಾರಿಗಳು.

"ನೀವೂ ಅವರ ಕಡೆಯವರೇ," ಎಂದಳು. "ಬಚ್ಚಿಟ್ಟಿದ್ದೀರ."

ಅವನು ಒಂದು ಹಾಳೆಯನ್ನು ಅವಳ ಮುಂದಿಟ್ಟ. ಹುಡುಕಿ ಮುಗಿಸಿದ ಕಪಾಟುಗಳ ಪಟ್ಟಿ. ಮೊದಲನೆಯದರ ಮುಂದಿದ್ದ ತಾರೀಖು ಅವಳು ಮೊದಲ ಸಲ ಬಂದ ದಿನದ್ದು.

ಅವಳ ಮುಖ ಕೆಂಪಾಯಿತು. "ಹೇಳಬಾರದಿತ್ತಾ?"

"ಹೇಳಿದ್ರೆ, ಹುಡುಕಿಡಿ ಅಂತ ಹೇಳಿ ನೀವು ಮನೇಲೇ ಕೂತ್ಬಿಡ್ತಿದ್ರಿ." ಅಂದ ಮೇಲೆ ತನ್ನ ಮಾತಿಗೆ ತಾನೇ ಗಾಬರಿಯಾಗಿ ಏಣಿ ಹತ್ತಿಬಿಟ್ಟ.

ಅಂದಿನಿಂದ ಇಬ್ಬರೂ ಹುಡುಕಿದರು. ಅವನು ಮೇಲಿನಿಂದ ಕಟ್ಟು ಇಳಿಸುವುದು, ಅವಳು ನೆಲದಲ್ಲಿ ಕೂತು ಬಿಚ್ಚುವುದು. ಅವಳ ಹುಬ್ಬಿನ ಮೇಲೊಂದು ಧೂಳಿನ ಗೆರೆ. ಅವನು ನೋಡಿದ, ಹೇಳಲಿಲ್ಲ. ಹೇಳಿದರೆ ಒರೆಸಿಕೊಂಡುಬಿಡುತ್ತಾಳೆ.

ಶುಕ್ರವಾರ ಅವನಿಗೆ ಹೊಳೆಯಿತು. "ಆಗಿನ ಗುಮಾಸ್ತ ನನ್ನಂಥ ಸೋಮಾರಿ ಆಗಿದ್ರೆ, ಪಾರ್ಕಿನ ಫೈಲಲ್ಲಿ ಇಟ್ಟಿರಲ್ಲ. ಜಾಗ ತಗೊಂಡೋರ ಹೆಸರಲ್ಲಿ ಇಟ್ಟಿರ್ತಾನೆ."

ಬಸ್ ನಿಲ್ದಾಣದ ಕಟ್ಟಿನಲ್ಲೇ ಇತ್ತು ಆ ಹಳೆಯ ಆದೇಶ, ನಕಾಶೆಯ ಸಮೇತ. 'ಉದ್ಯಾನದ ಜಾಗವನ್ನು ಎರಡು ವರ್ಷದ ಮಟ್ಟಿಗೆ ಬಿಟ್ಟುಕೊಡಲಾಗಿದೆ. ಅನಂತರ ಉದ್ಯಾನಕ್ಕೇ ಮರಳಿಸತಕ್ಕದ್ದು.'

ಅವಳು ಅದನ್ನು ಮೂರು ಸಲ ಓದಿದಳು. ಮೂರನೆಯ ಸಲ ಜೋರಾಗಿ.

ಸುದ್ದಿ ಮೇಲಧಿಕಾರಿಗೆ ಮುಟ್ಟಿತು. "ನಕಲು ಮಂಗಳವಾರ ಕೊಡಿ," ಎಂದರು. "ನಿಮ್ಮ ಬಡ್ತಿಯ ಫೈಲೂ ನನ್ನ ಹತ್ರಾನೇ ಇದೆ, ನೆನಪಿರಲಿ."

"ನೆನಪಿದೆ ಸಾರ್," ಎಂದ. ಕೆಳಗಿಳಿದು ಬಂದು ನಕಲಿಗೆ ರುಜು ಹಾಕಿ, ಸೀಲು ಒತ್ತಿ, ಅವಳ ಕೈಗೆ ಕೊಟ್ಟ.

ಸೋಮವಾರ ಅವಳು ಸಭೆಯಲ್ಲಿ ನಿಂತು ಆ ಎರಡು ಸಾಲು ಓದಿದಳು. ಮಾರಾಟ ನಿಂತಿತು. ಬಸ್ಸುಗಳು ಊರ ಹೊರಗೆ, ಜಾಗ ಪಾರ್ಕಿಗೆ ಎಂದು ತೀರ್ಮಾನವಾಯಿತು. ಆ ವಾರವೇ ಅವನಿಗೆ ಮೂರು ಗಂಟೆ ದೂರದ ಊರಿಗೆ ವರ್ಗವಾಯಿತು.

ಅವಳು ಬಂದಾಗ ಅವನು ಊಟದ ಡಬ್ಬಿ, ಕೊಡೆ ಎಲ್ಲ ಚೀಲಕ್ಕೆ ತುಂಬುತ್ತಿದ್ದ.

"ನನ್ನಿಂದಾಗಿ ಹೀಗಾಯ್ತು."

"ರುಜು ನಂದು. ಅದರಲ್ಲಿ ನಿಮಗೆ ಪಾಲಿಲ್ಲ."

"ಬೇರೆ ಯಾವುದರಲ್ಲಾದ್ರೂ ಇದೆಯಾ?"

ಅವನ ಕೈ ನಿಂತಿತು. ಅವಳು ಕಣ್ಣು ತೆಗೆಯಲಿಲ್ಲ. "ಭಾನುವಾರ ನಮ್ಮಪ್ಪ ಮನೇಲಿರ್ತಾರೆ. ಕಿವಿ ಸ್ವಲ್ಪ ಮಂದ. ಜೋರಾಗಿ ಹೇಳ್ಬೇಕಾಗತ್ತೆ."

"ಏನಂತ?"

"ಅದನ್ನೂ ನಾನೇ ಹೇಳಿಕೊಡ್ಲಾ?"

ಅವನು ಗಂಟಲು ಸರಿಮಾಡಿಕೊಂಡ. "ನಿಮ್ಮ ಮಗಳು ಒಪ್ಪಿದ್ರೆ... ಮದುವೆ ಆಗ್ತೀನಿ."

"ಕೇಳಿಸ್ಲಿಲ್ಲ."

"ನಿಮ್ಮ ಮಗಳನ್ನ ಮದುವೆ ಆಗ್ತೀನಿ."

ಪಕ್ಕದ ಕೋಣೆಯಲ್ಲಿ ಟೈಪಿಂಗ್ ಸದ್ದು ನಿಂತುಹೋಯಿತು. ಯಾರೋ ಕೆಮ್ಮಿದರು.

"ಇಷ್ಟು ಸಾಕು," ಎಂದು ಅವಳು ಚೀಲದ ಒಂದು ಹಿಡಿಕೆ ಹಿಡಿದುಕೊಂಡಳು.